ಜೂನ್ ತಿಂಗಳನ್ನು ಹನ್ನೆರಡು ಪಾಲು ಮಾಡಿ

ದೆಹಲಿಯಲ್ಲಿ ಹಣಕಾಸು ಸಚಿವರು ಫೆಬ್ರವರಿ 1ಕ್ಕೆ ಓದುವ ಬಜೆಟ್ ಒಂದು ವರ್ಷದ ಲೆಕ್ಕ. ನಮ್ಮ ಮನೆಗಳಲ್ಲಿ ಮಾತ್ರ ಬಜೆಟ್ ಎಂದರೆ ತಿಂಗಳ ಲೆಕ್ಕ: ಪಗಾರ ಬಂತು, ಬಾಡಿಗೆ ಹೋಯಿತು, ಕಿರಾಣಿ ಹೋಯಿತು, ಉಳಿದದ್ದು ಇಷ್ಟು. ಇದು ತಪ್ಪು ಲೆಕ್ಕವೇನಲ್ಲ. ಆದರೆ ನಮ್ಮ ಬೀದರ್ ಜಿಲ್ಲೆಯ ಮನೆಗಳಿಗೆ ಇದು ಸಾಲದು. ನಮ್ಮಲ್ಲಿ ಹಣ ಬರುವ ಕಾಲ ಬೇರೆ, ಹೋಗುವ ಕಾಲ ಬೇರೆ.

ಔರಾದ್ ಕಡೆಯ ರೈತರ ಮನೆ ನೋಡಿ. ಹೆಸರು, ಉದ್ದು ಮಳೆಗಾಲದಲ್ಲೇ ಕೈಗೆ ಬಂದರೆ ಬಂತು. ಸೋಯಾ ಬರುವುದು ದಸರೆಯ ಹೊತ್ತಿಗೆ, ತೊಗರಿ ಸಂಕ್ರಾಂತಿಯ ಆಚೀಚೆ. ಜೂನ್‌ನಲ್ಲಿ ಕೈ ಬರಿದು. ಆದರೆ ಮಿರಗ ಕೂಡುವುದು ಜೂನ್ ಮೊದಲ ವಾರದಲ್ಲೇ, ಶಾಲೆ ತೆರೆಯುವುದೂ ಅದೇ ಹೊತ್ತಿಗೆ. ಬೀಜದ ಚೀಲ, ಪುಸ್ತಕದ ಚೀಲ ಎರಡನ್ನೂ ಒಂದೇ ಸಲ ಕೊಳ್ಳಬೇಕು. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತ ವರ್ಷಗಳಲ್ಲಿ ಒಡವೆ ಸಾಲಕ್ಕೆ ಜನ ಹೆಚ್ಚಾಗಿ ಬರುತ್ತಿದ್ದುದು ಆ ವಾರಗಳಲ್ಲೇ. ಜೂನ್ ಪ್ರತಿ ವರ್ಷವೂ ಬರುತ್ತದೆ. ಆದರೂ ನಮ್ಮ ಮನೆಗಳಿಗೆ ಅದು ಹೇಳದೆ ಬಂದ ಬೀಗರ ಹಾಗೆ.

ಭಾಲ್ಕಿಯಲ್ಲಿ ನನಗೆ ಪರಿಚಯದ ಒಂದು ಕುಟುಂಬವಿದೆ. ಗಂಡನಿಗೆ ಬೀದರ್ ನಗರದ ಅಂಗಡಿಯೊಂದರಲ್ಲಿ ಕೆಲಸ, ಪಗಾರ 14,000 ರೂಪಾಯಿ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿದು ತಿಂಗಳಿಗೆ ಸುಮಾರು 3,000 ದುಡಿಯುತ್ತಾಳೆ. ಶಾಲೆಗೆ ಹೋಗುವ ಮಕ್ಕಳು ಇಬ್ಬರು. ಔರಾದ್ ತಾಲ್ಲೂಕಿನಲ್ಲಿ ಎರಡು ಎಕರೆ ಹೊಲವಿದೆ, ಅಣ್ಣ ಮಾಡುತ್ತಾನೆ, ಬೀಜ-ಗೊಬ್ಬರದ ಪಾಲು ಇವರು ಕೊಡಬೇಕು. ಆ ಹೆಣ್ಣುಮಗಳು ಒಮ್ಮೆ ಕೇಳಿದಳು: “ಕಾಕಾ, ತಿಂಗಳಾ ಮೂರೂವರೆ ಸಾವಿರ ಉಳಿತಾವ್ರಿ. ಆದ್ರೂ ಜೂನ್‌ದಾಗ ಸರ ಗಿರವಿ ಇಡೋದು ತಪ್ಪವಲ್ದು. ಹೆಂಗ್ರಿ ಇದು?”

ಅವಳ ತಿಂಗಳ ಲೆಕ್ಕ ಸರಿಯಾಗಿಯೇ ಇತ್ತು. ಬಾಡಿಗೆ 3,000, ಕಿರಾಣಿ 5,000, ಹಾಲು 1,500, ಕಾಯಿಪಲ್ಯ 1,500, ಗ್ಯಾಸ್-ಕರೆಂಟ್-ಮೊಬೈಲ್ 1,300, ಗಂಡನ ಓಡಾಟ ಮತ್ತು ಚಹಾ 1,200. ಒಟ್ಟು 13,500. ಬರುವ 17,000ದಲ್ಲಿ ಉಳಿಯುವುದು 3,500.

ಹಳೇ ಕ್ಯಾಲೆಂಡರ್ ಇದೆಯೇ ಎಂದು ಕೇಳಿದೆ. ಏಳನೇ ತರಗತಿಯ ಮಗಳು ಗೋಡೆಯಿಂದ ಇಳಿಸಿ ತಂದು ಪೆನ್ಸಿಲ್ ಹಿಡಿದು ಕೂತಳು. ವರ್ಷಕ್ಕೊಮ್ಮೆ ಬರುವ ಖರ್ಚು ಮಾತ್ರ ಹೇಳುತ್ತಾ ಹೋಗಿ, ಅವಳು ಬರೆಯಲಿ ಎಂದೆ. ಮಳೆಗೆ ಮುಂಚೆ ಮಾಳಿಗೆ ದುರಸ್ತಿ 3,000. ಇಬ್ಬರ ಫೀಸು, ಪುಸ್ತಕ, ಯೂನಿಫಾರ್ಮ್ 12,000. ಹೊಲದ ಪಾಲು 7,000. ಪಂಚಮಿಯಿಂದ ದೀಪಾವಳಿಯವರೆಗೆ ಬಟ್ಟೆ, ಹಬ್ಬ 8,000. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಬಂಧು-ಬಳಗಕ್ಕೆ ಊಟ ಹಾಕುವುದು 2,000. (ಭಜ್ಜಿ, ಅಂಬಲಿ ಇಲ್ಲದ ಎಳ್ಳಮಾವಾಸ್ಯೆ ನಮ್ಮ ಕಡೆ ಉಂಟೇ? ಅದನ್ನು ಕಡಿಮೆ ಮಾಡಿ ಎಂದು ನಾನು ಹೇಳುವವನಲ್ಲ.) ಮದುವೆಗಳ ಆಹೇರಿ 6,000. ಬೈಕಿನ ವಿಮೆ, ರಿಪೇರಿ 4,000.

ಹುಡುಗಿ ಕೂಡಿಸಿದಳು: 42,000. ಹನ್ನೆರಡರಿಂದ ಭಾಗಿಸು ಎಂದೆ. 3,500 ಬಂತು. ತಾಯಿ ಸುಮ್ಮನೆ ಆ ಅಂಕಿ ನೋಡುತ್ತಾ ಕೂತಳು. ತಿಂಗಳೂ ಉಳಿಯಿತು ಎಂದುಕೊಂಡ ಹಣ ಉಳಿತಾಯವೇ ಆಗಿರಲಿಲ್ಲ, ಮುಂದೆ ಬರುವ ಖರ್ಚಿನ ಪಾಲಾಗಿತ್ತು. ಅದು ಗೊತ್ತಿಲ್ಲದೆ ಒಂದು ತಿಂಗಳು ಹೊಸ ಮಿಕ್ಸರ್, ಇನ್ನೊಂದು ತಿಂಗಳು ನಂಟರಿಗೆ ಕೈಗಡ. ಜೂನ್ ಬಂದಾಗ ಸರ ಗಿರವಿ ಅಂಗಡಿಗೆ. ಇಪ್ಪತ್ತು ಸಾವಿರಕ್ಕೆ ತಿಂಗಳಿಗೆ ನೂರಕ್ಕೆ ಎರಡರಂತೆ ಆರು ತಿಂಗಳ ಬಡ್ಡಿ 2,400. ಮಕ್ಕಳಿಗೆ ಒಂದೂವರೆ ತಿಂಗಳು ಹಾಲು ತರುವ ಹಣಕ್ಕಿಂತ ಹೆಚ್ಚು ಅದು.

ಈ 3,500ನ್ನು ಪಗಾರ ಬಂದ ದಿನವೇ ಬೇರೆ ಮಾಡಬೇಕು. ಮೇ-ಜೂನ್‌ಗೆ ಬೇಕಾದ 22,000ಕ್ಕೆ ತಿಂಗಳಿಗೆ 1,850ರಂತೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ಮಾಡಬಹುದು. ಮೇ ತಿಂಗಳಲ್ಲಿ ಸುರು ಮಾಡಿದರೆ ಮುಂದಿನ ಮೇಗೆ ಕೈಗೆ ಬರುತ್ತದೆ. ಪೋಸ್ಟ್ ಆಫೀಸಿನ ಆರ್‌ಡಿ ಒಳ್ಳೆಯದೇ, ಆದರೆ ಅದು ಐದು ವರ್ಷದ್ದು, ಈ ಕೆಲಸಕ್ಕೆ ಹೊಂದುವುದಿಲ್ಲ. ಉಳಿದ 1,650 ಉಳಿತಾಯ ಖಾತೆಯಲ್ಲಿ ಇರಲಿ, ಹಬ್ಬ ಬಂದಾಗ ತೆಗೆಯಲು.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನೂ ಹೊಲದ ಪಾಲನ್ನೂ ನಾನು ತಿಂಗಳ ಆದಾಯಕ್ಕೆ ಸೇರಿಸಲಿಲ್ಲ. ಆ ಯೋಜನೆ 2023ರ ಆಗಸ್ಟ್‌ನಲ್ಲಿ ಸುರುವಾದದ್ದು. ಕಂತು ಕೆಲವೊಮ್ಮೆ ತಡವಾಗುತ್ತದೆ, ಕೆಲವೊಮ್ಮೆ ಎರಡು ಕೂಡಿ ಬರುತ್ತದೆ. ಹೊಲದ್ದಂತೂ ಮಳೆರಾಯನ ಕೈಯಲ್ಲಿ. ಇಂಥ ಹಣವನ್ನು ನಂಬಿ ಕಿರಾಣಿ ಉದ್ರಿ ಹಚ್ಚಬಾರದು. ಬಂದಾಗ ದವಾಖಾನೆಗೆಂದು ತೆಗೆದಿಡಬೇಕು. ಮೇಲಿನ ಲೆಕ್ಕದಲ್ಲಿ ಔಷಧಿಗೆ ಒಂದು ರೂಪಾಯಿಯೂ ಇಲ್ಲದ್ದನ್ನು ನೀವು ಗಮನಿಸಿರಬಹುದು.

ವಹಿ ಬರೆಯಲು ಬರುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿತು. ಮುಂದೆ ನಮ್ಮ ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್ ಅದರಲ್ಲಿ ದೊಡ್ಡ ಹೆಸರು ಮಾಡಿತು. ಹಳ್ಳಿ ಹಳ್ಳಿಯ ತಾಯಂದಿರು ಗುಂಪಿನ ಉಳಿತಾಯ, ಸಾಲ, ಬಡ್ಡಿ ಎಲ್ಲ ಪೈಸೆ ತಪ್ಪದೆ ಇಟ್ಟಿದ್ದಾರೆ. ಗುಂಪಿನ ವಹಿ ಇದೆ, ಮನೆಯ ವಹಿ ಇಲ್ಲ, ಇಷ್ಟೇ ವ್ಯತ್ಯಾಸ. ಇನ್ನು ಅಳತೆಯ ಮಾತಿಗೆ ಬಂದರೆ, ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಿರುಗಿ ಕಳಿಸಿದ ಕಥೆ ಮಕ್ಕಳೆಲ್ಲ ಕೇಳಿದ್ದೀರಿ. ತನ್ನ ಮನೆಗೆ ದಿನಕ್ಕೆ ಎಷ್ಟು ಬೇಕೆಂದು ಆಕೆಗೆ ಕರಾರುವಾಕ್ಕಾಗಿ ಗೊತ್ತಿತ್ತು. ಜೂನ್‌ನ ಫೀಸು ಮಾತ್ರ ಆಕೆಗೆ ಇರಲಿಲ್ಲ, ಅಷ್ಟೇ.

ಭಾಗಿಸಿದ ಮೇಲೆ ನಿಮ್ಮ ಅಂಕಿ ತಿಂಗಳ ಉಳಿಕೆಗಿಂತ ದೊಡ್ಡದಾದರೆ ಹಾಲು, ಕಾಯಿಪಲ್ಯಕ್ಕೆ ಕೈ ಹಾಕಬೇಡಿ. ಕ್ಯಾಲೆಂಡರಿನ ಪಟ್ಟಿಯಲ್ಲೇ ಹುಡುಕಿ. ಭಾಲ್ಕಿಯ ಮನೆಯವರು ಆಹೇರಿಯನ್ನು 6,000ದಿಂದ 3,600ಕ್ಕೆ ಇಳಿಸಿದರು. ಹತ್ತಿರದವರಿಗೆ ಬಟ್ಟೆ, ಉಳಿದವರಿಗೆ ಅಕ್ಷತೆ ಹಾಕಿ ಉಂಡು ಬರುವುದು. ಅದರಿಂದ ತಿಂಗಳಿಗೆ 200 ರೂಪಾಯಿ ಬಿಡುವಾಯಿತು. ಮೊನ್ನೆ ಹೋದಾಗ ನೋಡಿದೆ, ಡಿಸೆಂಬರ್ ಪುಟದಲ್ಲಿ ಹುಡುಗಿ ತಾನೇ ಒಂದು ಸಾಲು ಸೇರಿಸಿದ್ದಾಳೆ: “ಶಾಲೆ ಪ್ರವಾಸ 1,800, ತಿಂಗಳಿಗೆ 150.” ಅಪ್ಪ ಇನ್ನೂ ಹೂಂ ಅಂದಿಲ್ಲವಂತೆ.