ಪರದೆ ಎಳೆಯುವವನಿಗೂ ಒಂದು ಹೆಸರಿದೆ, ಸ್ವಾಮೀ!

ಜಾತ್ರೆಯ ದಿನಗಳಲ್ಲಿ ಖಾನಾಪುರದಲ್ಲಿ ಬೆಳಗಾವಿ ಬಸ್ಸಿಗೆ ಕಾಯುತ್ತ ನಿಂತವರ ಕೈಗೆ ಬರುವ ಕಾಗದ ಯಾವುದು? ನಾಟಕದ ಹ್ಯಾಂಡ್‌ಬಿಲ್ಲು. ಮೇಲೆ ಗ್ರಾಮದೇವತೆಯ ಹೆಸರು. ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಜ್ಯೋತಿ ಬೆಳಗುವವರು, ಫೋಟೋ ಪೂಜೆಯವರು. ಆಮೇಲೆ ಪಾತ್ರಧಾರಿಗಳು. ತಳದಲ್ಲಿ ಕಿರಾಣಿ ಅಂಗಡಿಯ ಜಾಹೀರಾತು. ಇಷ್ಟೆಲ್ಲಕ್ಕೂ ಜಾಗವಿದೆ. ಪರದೆ ಎಳೆಯುವವನ ಹೆಸರಿಗೆ ಮಾತ್ರ ಜಾಗವಿಲ್ಲ!

ಬಣ್ಣ ಹಚ್ಚಿ ನಿಂತವರದೇ ನಾಟಕ ಎಂದು ತಿಳಿದವರು ಒಮ್ಮೆ ಸ್ಟೇಜಿನ ಹಿಂದೆ ಹೋಗಿ ನೋಡಬೇಕು. ಮುಂದೆ ರಸ್ತೆಯ ಪರದೆ ಬಿಟ್ಟಿರುತ್ತಾರೆ. ಅದರೆದುರು ಹಾಸ್ಯಗಾರ ಕುಣಿದು ನಗಿಸುತ್ತಿರುತ್ತಾನೆ. ಜನ ನಗುತ್ತಾರೆ. ಆದರೆ ಅಸಲು ಕೆಲಸ ಪರದೆಯ ಹಿಂದಿನದು. ಅಲ್ಲಿ ನಾಲ್ಕು ಜನ ಬೆವರು ಸುರಿಸುತ್ತ ಗುಡಿಸಲು ತೆಗೆದು ದರ್ಬಾರು ಹೂಡುತ್ತಿರುತ್ತಾರೆ. ಸಿಂಹಾಸನ ಬಂದು ಕೂಡಬೇಕು, ಕಂಬಗಳು ನಿಲ್ಲಬೇಕು. “ಆತು, ಎಳಿ!” ಎಂಬ ಸನ್ನೆ ಬರುವ ತನಕ ಹಾಸ್ಯಗಾರ ಹಾಡು ಬೆಳೆಸಲೇಬೇಕು. ಪೇಟಿ ಮಾಸ್ತರ ಅವನ ಬೆನ್ನಿಗಿರಬೇಕು, ತಬಲಾದವ ಪೇಟಿಯ ಬೆನ್ನಿಗೆ. ವಿಂಗಿನ ಮರೆಯಲ್ಲಿ ಪುಸ್ತಕ ಹಿಡಿದವ ಮರೆತ ಮಾತು ಎತ್ತಿಕೊಡಬೇಕು. ಒಬ್ಬ ತಪ್ಪಿದನೋ, ಮಹಾರಾಜರು ಗುಡಿಸಲಲ್ಲೇ ರಾಜ್ಯವಾಳಬೇಕು!

ಬೆಳಗಾವಿ ಜಿಲ್ಲೆಗೆ ಇದೇನು ಹೊಸ ಪಾಠವಲ್ಲ. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಹುಡುಗನಾಗಿದ್ದಾಗಲೇ ಸ್ಟೇಜ್ ಹತ್ತಿ, ಸ್ತ್ರೀಪಾತ್ರಗಳಲ್ಲಿ ಹೆಸರು ಮಾಡಿ, 1947ರಲ್ಲಿ ಕಲಾವೈಭವ ನಾಟ್ಯ ಸಂಘ ಕಟ್ಟಿದರು. 2017ರಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು. ಅವರ ಕಾಲದ ನಾಟಕ ಕಂಪನಿ ಎಂದರೆ ಗಾಡಿ ಏರಿದ ಒಂದು ಊರು. ತಗಡು, ಬೊಂಬು, ಕುರ್ಚಿ, ಪರದೆ, ಪೆಟ್ಟಿಗೆ. ಜೊತೆಗೆ ಬಡಿಗ, ಪೇಂಟರ, ಗೇಟ್‌ಕೀಪರ, ಅಡಿಗೆಯವ. ಕಲೆಕ್ಷನ್ ಬಿದ್ದರೆ ಎಲ್ಲರಿಗೂ ಬಿಸಿ ಊಟ, ಬೀಳದಿದ್ದರೆ ಎಲ್ಲರಿಗೂ ಅರೆಹೊಟ್ಟೆ. ಬಹಳಷ್ಟು ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಹಿಂದಿನವರ ಕೆಲಸ ಉಳಿಯಿತು, ಸಂಬಳದ ಪಟ್ಟಿ ಹೋಯಿತು.

ಈಗಿನ ಲೆಕ್ಕ ಏನು? ಜಾತ್ರೆಯ ನಾಟಕದಲ್ಲಿ ಊರ ಹುಡುಗರು ಪಾತ್ರಕ್ಕೆ ಇಷ್ಟೆಂದು ತಾವೇ ವಂತಿಗೆ ಹಾಕುತ್ತಾರೆ. ಹೊರಗಿನಿಂದ ಬರುವ ನಟಿಯರು, ಪೇಟಿ ಮಾಸ್ತರು, ಸೀನರಿಯ ಮಾಲೀಕರು ಮುಂಗಡ ಪಡೆಯುತ್ತಾರೆ. ತಪ್ಪೇನಿಲ್ಲ, ಅದು ದುಡಿಮೆಯ ದುಡ್ಡು. ಆದರೆ ಕಂಬ ಹುಗಿದವ, ವೈರ್ ಎಳೆದವ, ಬೆಳಗಿನ ತನಕ ಹಗ್ಗ ಹಿಡಿದು ನಿಂತವ? ಅವನಿಗೆ ಚಾ-ಚುರಮರಿ. ಕೇಳಿದರೆ, “ಏ, ಊರ ಹುಡುಗ ಅದಾನ್ರೀ, ಹವ್ಯಾಸಕ್ಕ ಮಾಡ್ತಾನ” ಎಂಬ ಉತ್ತರ. ಹವ್ಯಾಸ ಸರಿ. ಹವ್ಯಾಸದ ನಟನಿಗೆ ಹಾರ, ಶಾಲು ಉಂಟು. ಹವ್ಯಾಸದ ಪರದೆಯವನಿಗೆ ಯಾಕಿಲ್ಲ?

ಶಹರದಲ್ಲೂ ಕತೆ ಇದೇ. ಕನ್ನಡ ನಾಟಕಕ್ಕೆ ಲೈಟು ಹಿಡಿಯುವವನೇ ಮರಾಠಿ ನಾಟಕಕ್ಕೂ ಹಿಡಿದಾನು. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಹೊರಗೆ ಭಾಷೆಯ ಜಗಳ ಎಷ್ಟೇ ಇರಲಿ, ಸ್ಟೇಜಿನ ಹಿಂದಿನ ಹಗ್ಗಕ್ಕೆ ಭಾಷೆಯಿಲ್ಲ. ಎರಡೂ ಕಡೆಯವರು ಆ ಕೈಗಳನ್ನು ಮರೆಯುವುದರಲ್ಲಿ ಮಾತ್ರ ಒಂದೇ!

ಇದು ಬರೀ ಮರ್ಯಾದೆಯ ಮಾತಲ್ಲ, ಜೀವದ ಮಾತು. ಖಾನಾಪುರ ಮಳೆಯ ಸೀಮೆ. ಏಪ್ರಿಲ್-ಮೇ ಸಂಜೆ ಅಡ್ಡಮಳೆ ಹೊಡೆದರೆ ನೆಲ ತೊಯ್ದು ಕಂಬ ಸಡಿಲು, ವೈರಿನ ಜೋಡಣೆ ಒದ್ದೆ. ಆಗ ಬರಿಗಾಲಲ್ಲಿ ಟೆಸ್ಟರ್ ಹಿಡಿದು ಓಡುವವನು ಹೆಸರಿಲ್ಲದ ಆ ಹುಡುಗನೇ. ಏನಾದರೂ ಆದರೆ ಅವನ ಮನೆಯವರು ಯಾರನ್ನು ಕೇಳಬೇಕು? ಉದ್ಘಾಟಕರನ್ನೋ, ಫೋಟೋ ಪೂಜೆಯವರನ್ನೋ?

ಇದಕ್ಕೆ ಸರಕಾರದ ದಾರಿ ಕಾಯಬೇಕಿಲ್ಲ. ಬೆಳಗಾವಿ, ಖಾನಾಪುರದ ಅಂಗಡಿಕಾರರ ಕೈಯಲ್ಲೇ ಔಷಧವಿದೆ. ಹ್ಯಾಂಡ್‌ಬಿಲ್ಲಿನ ದುಡ್ಡು ಅವರದೇ ತಾನೆ? ಕಮಿಟಿಯವರು ಜಾಹೀರಾತು ಕೇಳಲು ಬಂದಾಗ ಗಲ್ಲೆಗೆ ಕೈ ಹಾಕುವ ಮೊದಲು ಮೂರು ಮಾತು ಕೇಳಲಿ. ಒಂದು, ಸ್ಟೇಜು ಮತ್ತು ವೈರಿಂಗ್ ನೋಡುವ ಬಲ್ಲವರು ಯಾರು? ಎರಡು, ಹಿಂದೆ ದುಡಿಯುವವರಿಗೆ ಕೂಲಿ ಎಷ್ಟು, ಯಾವಾಗ? ಮೂರು, ಅವರ ಹೆಸರು ಎಲ್ಲಿ ಅಚ್ಚಾಗುತ್ತದೆ? ಉತ್ತರ ಸಿಕ್ಕರೆ ದುಡ್ಡು. ಸಿಗದಿದ್ದರೆ, “ನಾಳೆ ಬರ್ರಿ.”

ಪ್ರೇಕ್ಷಕರದ್ದೂ ಒಂದು ಪಾಲಿದೆ. ನಾಟಕ ಮುಗಿದ ಕೂಡಲೇ ಮೊದಲ ಬಸ್ಸಿಗೆ ಓಡದೆ ಎರಡು ನಿಮಿಷ ನಿಲ್ಲಲಿ. ಕಮಿಟಿಯವರು ಪರದೆಯವ, ಲೈಟಿನವ, ಬಣ್ಣದವರನ್ನು ಮುಂದೆ ಕರೆದು ಹೆಸರು ಹೇಳಲಿ. ಹಾರ ತಂದದ್ದು ಹೆಚ್ಚೇ ಉಳಿದಿರುತ್ತದೆ. ಒಂದು ಅವರ ಕೊರಳಿಗೂ ಬೀಳಲಿ.