ಹಳದಿ ಗೋಡೆಯ ಹಿಂದೆ ಯಾರಿದ್ದಾರೆ?

ವಿಯೆಟ್ನಾಂ ದೇಶದ ಹೊಯ್ ಆನ್ ಊರಿನ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಅರಿಶಿನ ಬಳಿದಂಥ ಗೋಡೆ, ಪಾಚಿಗಟ್ಟಿದ ಹೆಂಚು, ಬಾಗಿಲ ಮೇಲೆ ಇಳಿಬಿದ್ದ ಕಾಗದದ ಹೂವಿನ ಬಳ್ಳಿ, ಬೀದಿಗೆ ಅಡ್ಡಲಾಗಿ ತೂಗುವ ರೇಷ್ಮೆ ಬಟ್ಟೆಯ ಆಕಾಶಬುಟ್ಟಿಗಳು. ನಾವು ಅಲ್ಲಿ ಮೂರು ದಿನ ಅಲೆದೆವು. ಫೋಟೊದಲ್ಲಿ ಇರುವುದೆಲ್ಲ ನಿಜ. ಆದರೆ ಫೋಟೊದಲ್ಲಿ ಕಾಣದ್ದೇ ನಮಗೆ ಮುಖ್ಯ ಅನ್ನಿಸಿತು: ಆ ಗೋಡೆಗಳ ಹಿಂದೆ ಇನ್ನೂ ಸಂಸಾರಗಳಿವೆ.

ಹದಿನಾರು, ಹದಿನೇಳನೇ ಶತಮಾನದಲ್ಲಿ ಇದು ದೊಡ್ಡ ಬಂದರು. ಚೀನಾ, ಜಪಾನಿನ ವರ್ತಕರು ಇಲ್ಲೇ ಮನೆ ಮಾಡಿಕೊಂಡಿದ್ದರು. ಆಮೇಲೆ ಥು ಬೋನ್ ನದಿಗೆ ಹೂಳು ತುಂಬಿತು, ಹಡಗುಗಳು ಡಾನಾಂಗ್ ಕಡೆ ತಿರುಗಿದವು. ವ್ಯಾಪಾರ ಹೋದ ಊರಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟುವವರು ಯಾರು? ಬಡತನವೇ ಊರನ್ನು ಉಳಿಸಿತು ಎಂದರೂ ತಪ್ಪಿಲ್ಲ.

ಮನೆಗಳು ನಮ್ಮ ತೊಟ್ಟಿ ಮನೆಯ ನೆಂಟರಂತಿವೆ. ಮುಂದೆ ಅಂಗಡಿ, ನಡುವೆ ಆಕಾಶ ಕಾಣುವ ಅಂಗಳ, ಹಿಂದೆ ಅಡುಗೆಮನೆ. ಅಗಲ ಕಡಿಮೆ, ಉದ್ದ ಬಹಳ. ತಾನ್ ಕಿ ಎಂಬ ಮನೆಯ ಮುಂಬಾಗಿಲು ಒಂದು ಬೀದಿಗಿದ್ದರೆ ಹಿಂಬಾಗಿಲು ಹೊಳೆ ದಂಡೆಗೆ. ಒಂದೇ ಮನೆತನ ಏಳು ತಲೆಮಾರಿನಿಂದ ಅಲ್ಲಿದೆ. ಹೊಳೆ ಉಕ್ಕಿದ ವರ್ಷಗಳಲ್ಲಿ ನೀರು ಎಲ್ಲಿವರೆಗೆ ಬಂತು ಎಂದು ಗೋಡೆಯ ಮೇಲೆ ಗುರುತು ಹಾಕಿಟ್ಟಿದ್ದಾರೆ. 1964ರ ಗುರುತು ತೀರಾ ಮೇಲಿದೆ. ನೀರು ಬಂತೆಂದರೆ ಸಾಮಾನನ್ನೆಲ್ಲ ಅಟ್ಟಕ್ಕೆ ಎಳೆದುಕೊಳ್ಳಲು ಹಳೇ ಮನೆಗಳ ಮಾಳಿಗೆಯಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಕೃಷ್ಣೆ, ಮಲಪ್ರಭೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಯ್ ಆನ್ 1999ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆದರೂ ಮನೆಯವರನ್ನು ಎಬ್ಬಿಸಲಿಲ್ಲ. ಗೋಡೆ, ಹೆಂಚು ಮುಟ್ಟಬೇಕಾದರೆ ಅನುಮತಿ ಬೇಕು, ಅದು ಖಂಡಿತ. ಅದರ ಜೊತೆಗೆ ರಿಪೇರಿ ಖರ್ಚಿನಲ್ಲಿ ಸರ್ಕಾರ ಒಂದು ಪಾಲು ಕೊಡುತ್ತದೆ. ಪ್ರವಾಸಿಗರ ಟಿಕೆಟ್ ಹಣವೂ ಹಳೇ ಕಟ್ಟಡಗಳ ರಿಪೇರಿಗೆ ಬರುತ್ತದೆ. ವಿದೇಶದವರಿಗೆ ಟಿಕೆಟ್ 1,20,000 ಡಾಂಗ್, ನಮ್ಮ ಲೆಕ್ಕದಲ್ಲಿ ಸುಮಾರು 400 ರೂಪಾಯಿ. ಅಂಕಿ ಕೇಳಿ ನಾವೂ ಒಂದು ಕ್ಷಣ ಬೆಚ್ಚಿದೆವು.

ಅಲ್ಲಿ ಎಲ್ಲ ಸರಿಯಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ಮನೆಯವರು ಒಳ್ಳೇ ಬಾಡಿಗೆ ಬರುತ್ತದೆಂದು ಮನೆಯನ್ನು ಅಂಗಡಿಯವರಿಗೆ ಕೊಟ್ಟು ಊರ ಹೊರಗೆ ಹೋಗಿದ್ದಾರೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೆಲವು ಬೀದಿಗಳಲ್ಲಿ ಒಗ್ಗರಣೆ ವಾಸನೆಯೂ ಇಲ್ಲ, ಟಿವಿ ಸದ್ದೂ ಇಲ್ಲ. ಆದರೂ ಊರಿನ ಮೇಲಿನ ಹಕ್ಕನ್ನು ಜನ ಬಿಟ್ಟಿಲ್ಲ. ಜಪಾನಿನ ವರ್ತಕರ ಕಾಲದ ಚಾವಣಿ ಸೇತುವೆಯನ್ನು ರಿಪೇರಿ ಮಾಡಿ 2024ರಲ್ಲಿ ತೆರೆದಾಗ, ಬಣ್ಣ ತೀರಾ ಹೊಸದಾಯಿತು ಎಂದು ಅಲ್ಲಿನವರೇ ತಕರಾರು ತೆಗೆದಿದ್ದರು. ನಮಗೆ ಆ ತಕರಾರು ಬಹಳ ಹಿಡಿಸಿತು.

ನಮ್ಮ ಹಂಪಿ 1986ರಲ್ಲೇ ಆ ಪಟ್ಟಿ ಸೇರಿದೆ. ಹೊಯ್ ಆನ್ ಪಟ್ಟಿ ಸೇರಿದ 1999ರಲ್ಲೇ ಹಂಪಿಯನ್ನು ಅಪಾಯದಲ್ಲಿರುವ ತಾಣ ಎಂದು ಗುರುತಿಸಿದ್ದರು. ಆನೆಗೊಂದಿ ಕಡೆಗೆ ಕಟ್ಟುತ್ತಿದ್ದ ಸೇತುವೆ ಅದಕ್ಕೆ ಒಂದು ಕಾರಣ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿ ಮುಂದಿನ ಬಜಾರಿಗೆ ಜೆಸಿಬಿ ಬಂತು. ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳು ಮನೆ, ಅಂಗಡಿ ಎರಡನ್ನೂ ಕಳೆದುಕೊಂಡವು. ಕಲ್ಲು ಕಂಬದ ನಡುವೆ ಸಿಮೆಂಟ್ ಗೋಡೆ ಎಬ್ಬಿಸಿದ್ದನ್ನು ನಾವು ಸಮರ್ಥಿಸುವುದಿಲ್ಲ. ಗೋಡೆ ತೆಗೆಯಬೇಕಿತ್ತು. ಆದರೆ ಗೋಡೆಯ ಜೊತೆಗೆ ಹೂ ಮಾರುವವರು, ಚಹಾ ಕಾಸುವವರು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವವರು ಎಲ್ಲರೂ ಹೋಗಲೇಬೇಕಿತ್ತೇ?

ಬಜಾರಿನದು ಮುಗಿದ ಕತೆ ಇರಬಹುದು. ಆನೆಗೊಂದಿಯದು ಮುಗಿದಿಲ್ಲ. ಅಲ್ಲಿ ಇನ್ನೂ ಜನ ಇದ್ದಾರೆ, ದನಕರು ಇವೆ, ಹಳೇ ಮಣ್ಣಿನ ಮನೆಗಳಿವೆ. ಪರಂಪರೆಯ ಊರೆಂದು ಕಟ್ಟೋಣಕ್ಕೆ ಅಲ್ಲಿ ನಿಯಮವಿದೆ, ಇರಲಿ. ಮಳೆಗೆ ಗೋಡೆ ಕುಸಿದ ಮನೆಯವರಿಗೆ ಆ ನಿಯಮದ ಪುಸ್ತಕದ ಜೊತೆಗೆ ಮಣ್ಣು, ಮರ, ಕೂಲಿಗೆ ಒಂದಿಷ್ಟು ಹಣವನ್ನೂ ಸರ್ಕಾರ ಕೊಡಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ಠರಾವಿನಲ್ಲಿ ಬರೆಸಿ ಎಂದು ಅಲ್ಲಿಯ ಓದುಗರಿಗೆ ಹೇಳುತ್ತಿದ್ದೇವೆ.