ಬೀಗ ಸರಿಮಾಡಲು ಬಂದವರು ಬಾಗಿಲು ಕೆಡಿಸಿದರೆ

2010ರ ಡಿಸೆಂಬರ್ 14ರಂದು ಮೈಕ್ರೋಸಾಫ್ಟ್ ತನ್ನ ಮಾಸಿಕ ಭದ್ರತಾ ಕಂತಿನ ಜೊತೆಯಲ್ಲೇ ಔಟ್‌ಲುಕ್ 2007ಕ್ಕೂ ಒಂದು ಅಪ್‌ಡೇಟ್ ಕಳುಹಿಸಿತು. ಅದರ ಸಂಖ್ಯೆ ಕೆಬಿ 2412171. ಅದನ್ನು ಹಾಕಿಕೊಂಡ ಅನೇಕರ ಕಂಪ್ಯೂಟರಿನಲ್ಲಿ ಇನ್‌ಬಾಕ್ಸ್‌ನಿಂದ ಬೇರೊಂದು ಫೋಲ್ಡರಿಗೆ ಹೋಗಲು ಕ್ಲಿಕ್ ಮಾಡಿದರೆ ಪರದೆ ಅಲ್ಲೇ ತಡವರಿಸತೊಡಗಿತು. ಕೆಲವರ ಜಿಮೇಲ್ ಖಾತೆ ಔಟ್‌ಲುಕ್‌ಗೆ ಸಿಗದೇ ಹೋಯಿತು. ಎರಡೇ ದಿನದಲ್ಲಿ ಕಂಪನಿ ತಪ್ಪೊಪ್ಪಿಕೊಂಡು ಅಪ್‌ಡೇಟನ್ನು ಹಿಂತೆಗೆದುಕೊಂಡಿತು.

ಆದರೆ ಮೇಲ್ ನಿಧಾನವಾದರೆ ಯಾರೂ ಮೊದಲು ಅಪ್‌ಡೇಟನ್ನು ಅನುಮಾನಿಸುವುದಿಲ್ಲ. ಇಂಟರ್ನೆಟ್ ಕೇಬಲ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಆ್ಯಂಟಿವೈರಸ್ ನಿಲ್ಲಿಸಿ ನೋಡುತ್ತಾರೆ. ಪತ್ರಗಳನ್ನು ಕೂಡಿಡುವ ಪಿಎಸ್‌ಟಿ ಕಡತ ಉಬ್ಬಿದೆ ಎಂದುಕೊಂಡು ವರ್ಷಗಳ ಹಳೆಯ ಪತ್ರಗಳನ್ನು ಅಳಿಸುತ್ತಾರೆ. ಮುಂದೆ ಲೆಕ್ಕ ಪರಿಶೋಧನೆಗೆ ಬೇಕಾಗುವ ಪತ್ರವೂ ಅದರಲ್ಲಿ ಹೋಗಿರಬಹುದು. ಆಮೇಲೆ ಆ ಕಡತವನ್ನು ಸರಿಪಡಿಸುವ ಸ್ಕ್ಯಾನ್‌ಪಿಎಸ್‌ಟಿ ಓಡಿಸುವುದು, ಸೇಫ್ ಮೋಡ್‌ನಲ್ಲಿ ತೆರೆಯುವುದು, ಆಡ್-ಇನ್‌ಗಳನ್ನು ಒಂದೊಂದಾಗಿ ನಿಷ್ಕ್ರಿಯಗೊಳಿಸುವುದು, ಕೊನೆಗೆ ಹೊಸ ಪ್ರೊಫೈಲ್. ಅರ್ಧ ದಿನ ಕಳೆದಿರುತ್ತದೆ. ನಿನ್ನೆ ಸಂಜೆ ಸರಿಯಿತ್ತು, ಇವತ್ತು ಇಲ್ಲ. ನಡುವೆ ಬದಲಾದದ್ದೇನು ಎಂದು ಮೊದಲೇ ಕೇಳಿದ್ದರೆ ಸಾಕಿತ್ತು. ಆಗ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಪ್‌ಡೇಟ್‌ಗಳ ಪಟ್ಟಿಯಿತ್ತು, ಪ್ರತಿಯೊಂದರ ಮುಂದೆ ತಾರೀಖಿತ್ತು. ಅಂದು ಆ ಒಂದೇ ಒಂದು ಅಪ್‌ಡೇಟ್ ತೆಗೆದುಹಾಕಿದವರಿಗೆ ಔಟ್‌ಲುಕ್ ಮೊದಲಿನಂತಾಯಿತು.

ನಿಧಾನಗತಿ ಕಾಡಿದ್ದು ಸಂಸ್ಥೆಗಳ ಅಂಚೆ ನಡೆಸುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರ್‌ನಲ್ಲಿ ಖಾತೆ ಇಲ್ಲದವರನ್ನು. ಅಂದರೆ ಮನೆಯ ಕಂಪ್ಯೂಟರ್, ಸಣ್ಣ ಕಚೇರಿ, ಒಬ್ಬಿಬ್ಬರೇ ಕೂತು ನಡೆಸುವ ವ್ಯವಹಾರ. ಐಟಿ ವಿಭಾಗ ಎಂಬುದೇ ಇಲ್ಲದ ಜಾಗಗಳು. ಸರ್ವರ್‌ನಿಂದ ಅಪ್‌ಡೇಟ್ ಹಿಂತೆಗೆದುಕೊಂಡ ಮಾತ್ರಕ್ಕೆ ಆಗಲೇ ಯಂತ್ರದೊಳಗೆ ಕೂತದ್ದು ಎದ್ದು ಹೋಗುವುದಿಲ್ಲ. 2024ರ ಜುಲೈ 19ರಂದು ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ತನ್ನ ದೋಷಪೂರಿತ ಕಡತವನ್ನು 78 ನಿಮಿಷಗಳಲ್ಲೇ ಹಿಂತೆಗೆದಿತ್ತು. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟಿದ್ದವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಗಿತ್ತು.

ಕಾವಲಿಗಿಟ್ಟ ಸಾಧನವೇ ಅಂಚೆಯನ್ನು ತಡೆದು ನಿಲ್ಲಿಸಿದ ಇನ್ನೊಂದು ಪ್ರಸಂಗ 2022ರ ಜನವರಿ 1ರದು. ಎಕ್ಸ್‌ಚೇಂಜ್ ಸರ್ವರ್ 2016 ಮತ್ತು 2019ರ ಮಾಲ್‌ವೇರ್ ತಪಾಸಕ ತನ್ನ ಅಪ್‌ಡೇಟಿನ ದಿನಾಂಕವನ್ನೇ ಒಂದು ಸಂಖ್ಯೆಯಾಗಿ ಓದುತ್ತಿತ್ತು. ಹೊಸ ವರ್ಷದ ಸಂಖ್ಯೆ 2201010001. ಅದಕ್ಕೆ ಮೀಸಲಿಟ್ಟ 32 ಬಿಟ್ ಜಾಗದಲ್ಲಿ ಹಿಡಿಯುವುದು 2147483647ರವರೆಗೆ ಮಾತ್ರ. ತಪಾಸಕ ಕುಸಿಯಿತು, ಪತ್ರಗಳು ಸರದಿಯಲ್ಲೇ ಸಿಕ್ಕಿಕೊಂಡವು. ದುರಸ್ತಿಗೆ ಬಂದ ಆವೃತ್ತಿಯ ಸಂಖ್ಯೆ 2112330001. ಅಂದರೆ 2021ರ ಡಿಸೆಂಬರ್ 33! ಇಲ್ಲದ ತಾರೀಖೊಂದನ್ನು ಹುಟ್ಟಿಸಿ ಕೆಲಸ ನಡೆಸಬೇಕಾಯಿತು.

ಇಂಥದ್ದೊಂದು ಅನುಭವವಾದ ಮೇಲೆ ಜನ ಅಪ್‌ಡೇಟನ್ನೇ ಬಂದ್ ಮಾಡುತ್ತಾರೆ. ರಿಪೇರಿಗೆ ಬಂದ ಹುಡುಗನೂ ಅದನ್ನೇ ಹೇಳುತ್ತಾನೆ. ನನಗೆ ದಿಗಿಲು ಹುಟ್ಟಿಸುವುದು ಇದು. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ದಾಳಿ ನಡೆದದ್ದು 2017ರ ಮೇ 12ರಂದು. ಅದು ನುಗ್ಗಿದ ಬಿರುಕಿಗೆ ಮಾರ್ಚ್ 14ರಂದೇ ತೇಪೆ ಬಿಡುಗಡೆಯಾಗಿತ್ತು. ಎರಡು ತಿಂಗಳು ಅದನ್ನು ಹಾಕಿಕೊಳ್ಳದ ಯಂತ್ರಗಳು ಬೀಗ ಜಡಿಸಿಕೊಂಡವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳುಹಿಸಿದವು. ಮೇಲ್ ನಿಧಾನವಾದರೆ ಹೋಗುವುದು ಅರ್ಧ ದಿನ, ತೇಪೆ ತಪ್ಪಿದರೆ ಸರ್ವಸ್ವ. ಆದ್ದರಿಂದ ಅಪ್‌ಡೇಟ್ ನಿಲ್ಲಿಸಿ ಎನ್ನುವ ಸಲಹೆಯನ್ನು ಎಷ್ಟೇ ಬೇಸತ್ತಿದ್ದರೂ ಒಪ್ಪಬಾರದು.

ಒಪ್ಪದಿರಲು ಬಳಕೆದಾರನ ಕೈಯಲ್ಲಿ ಬೇರೆ ದಾರಿ ಇರಬೇಕು. 2010ರಲ್ಲಿ ಕೆಟ್ಟ ಒಂದನ್ನು ಮಾತ್ರ ಕಿತ್ತುಹಾಕಬಹುದಿತ್ತು. ಈಗ ವಿಂಡೋಸ್ ಅಪ್‌ಡೇಟ್ ಇಡೀ ಗಂಟಾಗಿ ಬರುತ್ತದೆ. ವಿಂಡೋಸ್ 7ಕ್ಕೂ 2016ರ ಅಕ್ಟೋಬರ್‌ನಿಂದ ಇದೇ ಪದ್ಧತಿ ಬಂತು. ಒಂದು ದೋಷಕ್ಕಾಗಿ ಗಂಟು ತೆಗೆದರೆ ಆ ತಿಂಗಳ ಭದ್ರತೆಯೆಲ್ಲ ಹೋಗುತ್ತದೆ. ಚಂದಾ ಕಟ್ಟಿ ಬಳಸುವ ಮೈಕ್ರೋಸಾಫ್ಟ್ ಆಫೀಸ್‌ನಲ್ಲಂತೂ ಕಮಾಂಡ್ ಪ್ರಾಂಪ್ಟ್ ತೆರೆದು, ಹಳೆಯ ಆವೃತ್ತಿಯ ಸಂಖ್ಯೆ ಟೈಪ್ ಮಾಡಿ ಇಡೀ ಆಫೀಸನ್ನೇ ಹಿಂದಕ್ಕೆ ಒಯ್ಯಬೇಕು. ಅಂಗಡಿಯ ಲೆಕ್ಕ ಬರೆಯುವವರಿಂದ ಇದನ್ನು ನಿರೀಕ್ಷಿಸುವುದು ಅನ್ಯಾಯ. ದೋಷವನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುವ ವ್ಯವಸ್ಥೆ ವಿಂಡೋಸ್‌ನಲ್ಲಿದೆ, ಆದರೆ ಅದು ಭದ್ರತೆಗೆ ಸಂಬಂಧಿಸದ ಬದಲಾವಣೆಗಳಿಗೆ ಮಾತ್ರ. ಭದ್ರತಾ ತೇಪೆಯನ್ನು ನಿಷ್ಕ್ರಿಯಗೊಳಿಸಿದರೆ ಬಿರುಕು ಮತ್ತೆ ತೆರೆದುಕೊಳ್ಳುತ್ತದೆ ಎಂಬ ಕಾರಣ ಸರಿಯೇ. ಹಾಗಿದ್ದರೆ ಭದ್ರತಾ ತೇಪೆ ಒಂದು ಕಂತಿನಲ್ಲಿ, ಮಿಕ್ಕ ಬದಲಾವಣೆ ಇನ್ನೊಂದರಲ್ಲಿ ಬರಲಿ. ಹಿಂತೆಗೆದುಕೊಂಡ ಅಪ್‌ಡೇಟ್ ಯಾವ ಯಂತ್ರದಲ್ಲಿದೆಯೋ ಆ ಯಂತ್ರದ ಪರದೆಯ ಮೇಲೆ, ಅದನ್ನು ಬಳಸುವವರ ಭಾಷೆಯಲ್ಲಿ, ದೋಷ ನಿಮ್ಮದಲ್ಲ ನಮ್ಮದು ಎಂಬ ಸೂಚನೆ ಮೂಡಲಿ. ಪಕ್ಕದಲ್ಲೇ ಅದನ್ನು ತೆಗೆಯುವ ಗುಂಡಿ ಇರಲಿ.